ಕೊಗ್ಗನ ಟ್ಯೂಬ್‌ಲೈಟು

ಮಸ್ಕತ್ತಿನ ಘಾಲಾದ ಗ್ಯಾರೇಜೊಂದರಲ್ಲಿ ಡೆಂಟಿಂಗ್ ಮಾಡುವ ಕೊಗ್ಗನಿಗೆ ಸುಟ್ಟ ಎಂಜಿನ್ ಆಯಿಲ್ ಕಂಡರೆ ಹೇಸಿಗೆ. ಅದು ಮೆಕ್ಯಾನಿಕ್‌ಗಳ ಪಾಲು. ತಗಡು ನೇರ ಮಾಡುವವನ ಮೈಗೆ ಹತ್ತುವುದು ತಗ್ಗು ತುಂಬುವ ಪುಟ್ಟಿಯ ಬಿಳಿ ಪುಡಿ, ಕೊಡವಿದರೆ ಹೋಯಿತು. ಇಪ್ಪತ್ತೆರಡು ವರ್ಷಗಳಿಂದ ಅವನು ಮೂಡುಬಿದಿರೆಯ ಮನೆಗೆ ಫೋಟೋ ಕಳಿಸಿದ್ದರೂ, ವಿಡಿಯೋ ಕಾಲ್ ಮಾಡಿದ್ದರೂ ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟೇ. ಹೆಂಡತಿ ಗುಲಾಬಿಯ ಕಡೆಯವರು ಯಾರೂ ತನ್ನನ್ನು ನೋಡಿ ‘ಪಾಪ’ ಅನ್ನಬಾರದು. ಅದೊಂದೇ ಅವನ ಹಟ.

ಪಕ್ಕದ ಅಲ್ ಅಜೈಬಾದಲ್ಲಿರುವ, ಮಂಗಳೂರು ಮೂಲದ ಕಾಲೇಜು ಹುಡುಗ ಸ್ಟೀವನ್, ಅಪ್ಪನ ಕಾರು ತೆಗೆದುಕೊಂಡು ಹೋಗಲು ಬಂದವನು ಕೊಗ್ಗನ ಕೆಲಸ ನೋಡುತ್ತ ನಿಂತುಬಿಟ್ಟ. ಕೊಗ್ಗ ಉದ್ದದ ಟ್ಯೂಬ್‌ಲೈಟನ್ನು ಕಾರಿನ ಬಾಗಿಲ ಪಕ್ಕ ಹಿಡಿಯುತ್ತಾನೆ. ತಗಡಿನಲ್ಲಿ ಬೆಳಕಿನ ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ತಗ್ಗು ಇದೆ ಎಂದರ್ಥ.

“ಅಂಕಲ್, ಕಾಲೇಜಿನ ಮ್ಯೂಸಿಕ್ ವಿಡಿಯೋ ಕಾಂಪಿಟಿಷನ್ ಉಂಟು. ವರ್ಕರ್ಸ್ ಮೇಲೆ ಸಾಂಗ್. ನಮ್ಮ ಹತ್ರ ಲೈಟ್ಸ್ ಇಲ್ಲ, ಫೋನ್ ಮಾತ್ರ. ಪ್ಲೀಸ್, ನೀವು ಲೈಟ್ ಮಾಡ್ತೀರಾ?”

ಅಷ್ಟು ವರ್ಷದಲ್ಲಿ ಕೊಗ್ಗನ ಬೆಳಕಿನ ಬಗ್ಗೆ ಕೇಳಿದವನು ಇವನೊಬ್ಬನೇ. ಕೊಗ್ಗ ಉಬ್ಬಿಹೋದ. ಅಂದೇ ಗುಲಾಬಿಗೆ ಫೋನ್ ಮಾಡಿ, “ಒಂದು ವಿಡಿಯೋಕ್ಕೆ ಲೈಟಿಂಗ್ ಮಾಡ್ಲಿಕ್ಕೆ ನನ್ನನ್ನೇ ಕರ್ದಿದ್ದಾರೆ ಮಾರಾಯ್ತಿ” ಎಂದ.

ಶುಕ್ರವಾರ ರಜೆ. ಮಧ್ಯಾಹ್ನ ಸ್ಟೀವನ್ ತನ್ನ ಕಾಲೇಜಿನ ಗುಂಪಿನೊಂದಿಗೆ ಗ್ಯಾರೇಜಿಗೆ ಬಂದ. ಕೊಗ್ಗ ಶಟರ್ ಇಳಿಸಿ, ಕೆಳಗೆ ಒಂದು ಗೇಣು ಮಾತ್ರ ಬಿಟ್ಟ. ನೆಲಕ್ಕೆ ನೀರು ಚೆಲ್ಲಿದ. ಒಳಗೆ ನುಗ್ಗಿದ ಮಸ್ಕತ್ತಿನ ಬಿಸಿಲು ನೀರಿಗೆ ಬಡಿದು ಮಾಡಿನ ಮೇಲೆಲ್ಲ ಕುಣಿಯಿತು. ಕಾರಿನ ಬೆಳ್ಳಿ ಬಣ್ಣದ ಸನ್‌ಶೇಡನ್ನು ಮಡಚಿ ಹಾಡುವ ಹುಡುಗಿಯ ಕೆನ್ನೆಗೆ ಬೆಳಕು ತಿರುಗಿಸಿದ. ಹಳೆಯ ಟೈಲ್‌ಲ್ಯಾಂಪ್ ಒಂದನ್ನು ಬ್ಯಾಟರಿಗೆ ಸಿಕ್ಕಿಸಿ ಗೋಡೆ ಕೆಂಪು ಮಾಡಿದ. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು.

ಆಗ ಸ್ಟೀವನ್ ಒಂದು ಡಬ್ಬಿ ಹಿಡಿದು ಬಂದ. ಸುಟ್ಟ ಆಯಿಲ್. “ಅಂಕಲ್, ನೀವೂ ಒಂದು ಶಾಟ್‌ನಲ್ಲಿ ಬೇಕು. ಸ್ವಲ್ಪ ಮುಖಕ್ಕೆ ಹಚ್ಚಿ. ಫೀಲ್ ಬರ್ತದೆ.”

“ನಾನು ಡೆಂಟರ್ ಮಾರಾಯ. ನನಗೆಂತ ಆಯಿಲ್?”

“ಅದೆಲ್ಲ ಯಾರಿಗೆ ಗೊತ್ತಾಗ್ತದೆ ಅಂಕಲ್?”

ಆ ಮಾತಿಗೆ ಕಪಾಳಕ್ಕೆ ಬಿಗಿಯಬೇಕಿತ್ತು. ಆದರೆ ಕೊಗ್ಗನಿಗೆ ತನ್ನ ವಿದ್ಯೆಯ ಮೇಲೆ ಜಂಬ. ಟ್ಯೂಬ್‌ಲೈಟನ್ನು ಬೆನ್ನ ಹಿಂದೆ ನಿಲ್ಲಿಸಿದರೆ ಮುಂದೆ ಮುಖವೆಲ್ಲ ಬರೀ ಕತ್ತಲು, ಬೆಳಕು ಬೀಳದ ತಗಡಿನಲ್ಲಿ ತಗ್ಗು ಕಾಣುವುದುಂಟೇ? ಹಾಗೆಂದುಕೊಂಡು ಬೆಳಕನ್ನು ಹಿಂದಕ್ಕೆ ಸರಿಸಿ ಮುಖ ಒಡ್ಡಿದ. ಯಾರದೋ ಕಾರು ಕಕ್ಕಿದ ಹೊಲಸು ತುಟಿಯವರೆಗೆ ಇಳಿದಾಗ ಬಾಯಿ ಬಿಗಿದುಕೊಂಡ. ಶಾಟ್ ಮುಗಿದ ಮೇಲೆ ಸ್ಟೀವನ್‌ನ ಫೋನಿನಲ್ಲಿ ನೋಡಿದ. ಬರೀ ಕಪ್ಪು ಆಕೃತಿ, ಸುತ್ತ ಬೆಳಕಿನ ಅಂಚು. ಸಮಾಧಾನವಾಯಿತು.

ಆಮೇಲೆ ಫೋನಿನೊಳಗೇ ಎಡಿಟ್ ಮಾಡಿ ಕತ್ತಲನ್ನೂ ತಿಳಿಯಾಗಿಸಬಹುದೆಂದು ಅವನಿಗೇನು ಗೊತ್ತು? ವಿಡಿಯೋಕ್ಕೆ ಮೊದಲ ಬಹುಮಾನ ಬಂತು, ಮಂಗಳೂರು ಕಡೆಯ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಕೊನೆಗೆ ‘ಲೈಟಿಂಗ್: ಸ್ಟೀವನ್’ ಎಂದಿತ್ತು. ಹೋಗಲಿ, ಹೆಸರು ಹಾಳಾಗಲಿ! ಕೊನೆಯ ಶಾಟ್‌ನಲ್ಲಿ ಎಣ್ಣೆ ಮೆತ್ತಿದ, ಕಣ್ಣು ಪಿಳುಕಿಸುವ ಅವನ ಮುಖ ಪರದೆಯ ತುಂಬ ಇತ್ತು. ಕೆಳಗೆ ನೂರಾರು ಅಳುವ ಮುಖದ ಎಮೋಜಿಗಳು. ಇನ್ನೊಬ್ಬರ ಮುಖಕ್ಕೆ ಮಸಿ ಬಳಿದು ಕಣ್ಣೀರು ಹಾಕುವ ಈ ಕರುಣೆಯಷ್ಟು ಕೊಳಕು ಆ ಆಯಿಲ್ ಕೂಡ ಇರಲಿಲ್ಲ.

ಸಂಜೆ ಗುಲಾಬಿ ಫೋನ್ ಮಾಡಿದಳು.

“ಅದು ನೀವಾ? ನನ್ನ ಅತ್ತಿಗೆ ವಿಡಿಯೋ ನೋಡಿ, ‘ಪಾಪ, ಇಷ್ಟು ಕಷ್ಟವಾ’ ಅಂತ ಅತ್ರು.”

“ಎಂತ ಮರ್ಲ್ ನಿನಗೆ, ತಲೆ ಸರಿ ಉಂಟಾ? ಅದು ಯಾವನೋ ಮೆಕ್ಯಾನಿಕ್.”

“ಮತ್ತೆ, ಆ ವಿಡಿಯೋದ ಲೈಟಿಂಗ್ ನಿಮ್ಮದು ಅಂತ ಹೇಳಿದ್ದಿರಲ್ಲ? ಎಷ್ಟು ಚಂದ ಉಂಟು!”

ಲೈಟು ತನ್ನದೆಂದರೆ ಆ ಮುಖವೂ ತನ್ನದೇ ಆಗುತ್ತದೆ. ಕೊಗ್ಗನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಇಲ್ಲ,” ಎಂದ. “ಆ ಲೈಟು ನಾನು ಮಾಡಿದ್ದಲ್ಲ.”