ಮೂರು ಸಲ ಜಗ್ಗಿದ ಹಗ್ಗ

ಇದು ನಡೆದದ್ದು. ನಡೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗಿಂತ ಹೆಚ್ಚು ಹಂಬಲಿಸುವವರು ಈ ಹೈದರಾಬಾದಿನಲ್ಲಿ ಒಬ್ಬರೇ ಇದ್ದಾರೆ, ಅವರ ವಿಷಯ ಮುಂದೆ ಬರುತ್ತದೆ. ದೆವ್ವ ಭೂತ ಅಂದರೆ ನಗುತ್ತಿದ್ದವನು ನಾನು. ಈಗ ನಗುವುದೂ ಇಲ್ಲ, ನಂಬುವುದೂ ಇಲ್ಲ. ನನ್ನ ಎರಡೂ ಅಂಗೈಗಳ ಮೇಲೆ ಅಡ್ಡಕ್ಕೆ ಸುಟ್ಟ ಗೆರೆ ಇದೆ, ಮನೆಯ ಅಟ್ಟದ ಮೇಲೆ ಒಂದು ಹಗ್ಗ ಇದೆ. ನನ್ನ ಹತ್ತಿರ ಇರುವ ಸಾಕ್ಷಿ ಅಷ್ಟೇ.

ನನ್ನ ಹೆಸರು ಶಿವು. ಊರು ಬಾದಾಮಿ, ಈಗ ಇರುವುದು ಕೂಕಟ್‌ಪಲ್ಲಿಯಲ್ಲಿ. ಕೆಲಸ ಕೊಂಡಾಪುರದ ಕಡೆಯ ದೊಡ್ಡ ದೊಡ್ಡ ಕಟ್ಟಡಗಳ ಗಾಜು ಒರೆಸುವುದು. ಮೇಲಿನಿಂದ ಹಗ್ಗ ಕಟ್ಟಿಕೊಂಡು ಒಂದೊಂದೇ ಮಹಡಿ ಇಳಿಯುತ್ತಾ ಒರೆಸುತ್ತೇವೆ. ಭಾನುವಾರ ಮಾತ್ರ ಬೇರೆ ಕೆಲಸ. ಊರಾಚೆ ಒಂದೂವರೆ ತಾಸಿನ ದಾರಿಯಲ್ಲಿ ಬಂಡೆಗುಡ್ಡಗಳಿವೆ. ಒಂದು ದಿನದ ಸಾಹಸ ಪ್ರವಾಸ ಅಂತ ಅಲ್ಲಿಗೆ ಜನರನ್ನು ಕರೆದೊಯ್ಯುವ ಸಣ್ಣ ಕಂಪನಿಯೊಂದಕ್ಕೆ ಹಗ್ಗ ಹಿಡಿಯುವುದು. ವಾರವಿಡೀ ಗಾಜಿನ ಹೊರಗೆ ನೇತಾಡುವ ನಾವು, ಭಾನುವಾರ ಅದೇ ಗಾಜಿನ ಒಳಗೆ ಕೂರುವವರನ್ನು ಬಂಡೆಯಿಂದ ನೇತುಹಾಕುತ್ತೇವೆ. ಅವರು ಕಿರುಚಿ, ಫೋಟೊ ತೆಗೆಸಿಕೊಂಡು, ಬಿರಿಯಾನಿ ತಿಂದು ಹೋಗುತ್ತಾರೆ.

ಎರಡೂ ಕೆಲಸ ಕಲಿಸಿದವನು ಬಸಣ್ಣ. ನಮ್ಮೂರಿನವನೇ, ನನಗಿಂತ ಹನ್ನೆರಡು ವರ್ಷ ದೊಡ್ಡವನು, ಮಲ್ಕಾಜ್‌ಗಿರಿಯಲ್ಲಿ ಹೆಂಡತಿಯ ಜೊತೆ ಇದ್ದ. ರಕ್ತಸಂಬಂಧ ಏನೂ ಇಲ್ಲ. ಆದರೂ ಅವನ ಹೆಂಡತಿಯನ್ನು ನಾನು ಕರೆಯುವುದು ಶಾಂತಾ ವೈನಿ ಅಂತಲೇ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ. ಈ ಊರಿನಲ್ಲಿ ನನ್ನ ಮೊದಲ ವರ್ಷ ಕಳೆದದ್ದು ಅವರ ಕೈಯ ರೊಟ್ಟಿ ತಿಂದು.

ಅಷ್ಟು ಎತ್ತರದಲ್ಲಿ ಗಾಳಿಗೆ ಕೂಗು ಕೇಳುವುದಿಲ್ಲ. ಅದಕ್ಕೇ ನಮ್ಮ ಕೆಲಸದಲ್ಲಿ ಮಾತೆಲ್ಲ ಹಗ್ಗ ಜಗ್ಗಿಯೇ ಆಡುವುದು. ಒಂದು ಸಲ ಜಗ್ಗಿದರೆ ‘ಇಲ್ಲೇ ಅದೀನಿ’. ಎರಡು ಸಲ ಅಂದರೆ ಸಡಿಲ ಬಿಡು. ಮೂರು ಸಲ ಅಂದರೆ ಮೇಲಕ್ಕೆ ಎಳಿ. ಇದರ ಜೊತೆ ಬಸಣ್ಣನ ಒಂದು ಕಟ್ಟಳೆ ಇತ್ತು. ಕೆಳಗಿನವನು ಒಮ್ಮೆ ಜಗ್ಗಿ ಉತ್ತರ ಕೊಟ್ಟ ಮೇಲೆ ಮೇಲಿನವನು ಹಗ್ಗ ಬಿಟ್ಟು ಕದಲುವಂತಿಲ್ಲ, ಆಕಾಶವೇ ಕಳಚಿ ಬಿದ್ದರೂ. ಹೊಸದರಲ್ಲಿ ಒಮ್ಮೆ ಫೋನ್ ಬಂತು ಅಂತ ಎರಡು ನಿಮಿಷ ಆ ಕಡೆ ಹೋಗಿದ್ದೆ. ಬಸಣ್ಣ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಮೂರನೇ ದಿನ ಚಹಾ ಕುಡಿಯುವಾಗ ತಾನಾಗಿಯೇ ಬಾಯಿಬಿಟ್ಟ.

“ತಮ್ಮಾ, ಬಾಯಿ ಸುಳ್ಳು ಹೇಳತೈತಿ, ಕಿವಿ ಸುಳ್ಳು ಕೇಳತೈತಿ. ಹಗ್ಗ ಮಾತ್ರ ಸುಳ್ಳು ಹೇಳಂಗಿಲ್ಲ. ಅದನ್ನ ನಂಬು.”

ನಂಬಿದೆ.

ಆ ಭಾನುವಾರ ಬೇಸಿಗೆಯ ಆರಂಭ. ಒಂದು ಆಫೀಸಿನ ಹದಿನಾಲ್ಕು ಜನ ಬಂದಿದ್ದರು. ಮಧ್ಯಾಹ್ನ ಒಬ್ಬ ಹುಡುಗಿ ಫೋಟೊ ತೆಗೆಯುವಾಗ ಕೈತಪ್ಪಿ ತನ್ನ ಮೊಬೈಲನ್ನು ಎರಡು ಬಂಡೆಗಳ ನಡುವಿನ ಸಂದಿಗೆ ಬೀಳಿಸಿದಳು. ಅಳುವುದೊಂದೇ ಬಾಕಿ. ಎಲ್ಲ ಮುಗಿದ ಮೇಲೆ ತೆಗೆದು, ನಾಳೆ ಆಫೀಸಿಗೇ ತಲುಪಿಸುತ್ತೇನೆ ಅಂತ ಬಸಣ್ಣ ಸಮಾಧಾನ ಮಾಡಿದ. ಐದಕ್ಕೆ ಅವರ ಬಸ್ಸು ಹೋಯಿತು.

ಉಳಿದವರು ನಾವಿಬ್ಬರೇ. ನಾನು ಮುಂಬದಿಯ ಬಂಡೆಯ ಹಗ್ಗಗಳನ್ನು ಸುತ್ತಿಡಬೇಕು, ಬಸಣ್ಣ ಗುಡ್ಡದ ಹಿಂಬದಿಯ ಬಂಡೆಗೆ ಹಗ್ಗ ಸಿಕ್ಕಿಸಲು ಕಟ್ಟಿದ್ದ ನೈಲಾನ್ ಪಟ್ಟಿಗಳನ್ನು ಬಿಚ್ಚಿ ತರಬೇಕು. ಹೋಗುವ ಮುಂಚೆ ಮಣಿಕಟ್ಟಿಗೆ ನೋವಿನ ಮುಲಾಮು ಹಚ್ಚಿಕೊಂಡ. ದಿನಾ ಹಚ್ಚುತ್ತಿದ್ದ, ಹತ್ತು ಮಾರು ದೂರದಿಂದಲೇ ಅವನ ವಾಸನೆ ಗೊತ್ತಾಗುತ್ತಿತ್ತು. ನಾನು ಅದಕ್ಕೆ ದಿನಾ ಗೇಲಿ ಮಾಡುತ್ತಿದ್ದೆ.

ಆರು ಗಂಟೆಯಾಯಿತು. ಬರಲಿಲ್ಲ.

ಕೂಗಿದೆ. ಬಂಡೆಗಳು ನನ್ನ ದನಿಯನ್ನೇ ನಾಲ್ಕು ಕಡೆಯಿಂದ ವಾಪಸು ಕೊಟ್ಟವು. ಅವನ ಫೋನ್ ನನ್ನ ಪಕ್ಕದ ಚೀಲದಲ್ಲೇ ಇತ್ತು. ಚೀಲ, ಹಗ್ಗ ಎತ್ತಿಕೊಂಡು ಹುಡುಕುತ್ತಾ ಆ ಹುಡುಗಿಯ ಮೊಬೈಲ್ ಬಿದ್ದಿದ್ದ ಸಂದಿಯ ಹತ್ತಿರ ಬಂದೆ. ಸಂದಿಯ ಅಂಚಿನಲ್ಲಿ ಬಸಣ್ಣನ ನೀರಿನ ಬಾಟಲಿ ನಿಂತಿತ್ತು, ಮುಚ್ಚಳ ತೆಗೆದು ಪಕ್ಕಕ್ಕೆ ಇಟ್ಟಿತ್ತು.

ಅಷ್ಟರಲ್ಲಿ ಕೇಳಿಸಿತು... ಫೋನ್ ರಿಂಗಾಗುವ ಸದ್ದು. ಸಣ್ಣಗೆ, ಬಹಳ ಕೆಳಗಿನಿಂದ. ಸಂದಿಗೆ ಕಿವಿ ಕೊಟ್ಟೆ. ಅಲ್ಲಿಂದಲೇ ಬರುತ್ತಿತ್ತು. ಬಸಣ್ಣ ಫೋನ್ ತೆಗೆಯಲು ಇಳಿದಿದ್ದಾನೆ, ಜಾರಿ ಒಳಗೆ ಸಿಕ್ಕಿಹಾಕಿಕೊಂಡಿದ್ದಾನೆ. ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಒಳಗೆ ಟಾರ್ಚಿನ ಬೆಳಕು ಬಿಟ್ಟೆ. ಸಂದಿ ಒಂದಾಳುದ್ದ ಇಳಿದು ಓರೆಗೆ ತಿರುಗಿತ್ತು, ಅದರ ಆಚೆಗೆ ಬೆಳಕು ಹೋಗಲಿಲ್ಲ. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಬಾವಲಿಯ ಹಿಕ್ಕೆಯ ನಾತ. ಗಡಿಬಿಡಿಯಲ್ಲಿ ಹಗ್ಗದ ತುದಿಗೆ ಕುಣಿಕೆಯನ್ನೂ ಹಾಕದೆ ಬರೀ ತುದಿಯನ್ನೇ ಇಳಿಬಿಟ್ಟೆ. ಬಸಣ್ಣ ನೋಡಿದ್ದರೆ ಬೈಯುತ್ತಿದ್ದ. ಹಗ್ಗ ಇಳಿಯಿತು, ಇಳಿಯಿತು... ಎಲ್ಲೋ ತಳಕ್ಕೆ ತಾಗಿ ಸಡಿಲವಾಯಿತು.

ಒಂದು ಸಲ ಜಗ್ಗಿದೆ. ಏನೂ ಇಲ್ಲ. ನೂರು ಎಣಿಸಿ ಮತ್ತೆ ಜಗ್ಗಿದೆ.

ಕೆಳಗಿನಿಂದ ಒಂದು ಜಗ್ಗು ಬಂತು.

ಹೌದು, ಬಂಡೆಗೆ ತಾಗಿ ಹಗ್ಗ ಮಿಸುಕಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಇದು ಅದಲ್ಲ. ಮನುಷ್ಯನ ಕೈ ಹಿಡಿದು ಎಳೆದ ಜಗ್ಗು. ಬಸಣ್ಣ ಜಗ್ಗುವ ರೀತಿಯೇ, ಮೊದಲು ಮೆಲ್ಲಗೆ, ಕೊನೆಗೆ ಗಟ್ಟಿ. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ.

ಗುಡ್ಡದ ಕೆಳಗೆ ಆಡು ಕಾಯುವ ಯಾದಯ್ಯ ಅಂತ ಒಬ್ಬ ಮುದುಕ ಇದ್ದ. ನಮ್ಮ ಪ್ರವಾಸದವರಿಗೆ ಅಡುಗೆ ಮಾಡಿಕೊಡುವವನು ಅವನೇ. ಅವನಿಗೆ ಫೋನ್ ಮಾಡಿ, ಜನ ಕರಕೊಂಡು ಬಾ ಅಂದೆ. ಆಮೇಲೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಬಂಡೆಗೆ ಕಾಲು ಕೊಟ್ಟು ಕೂತೆ. ಆಗಾಗ ಒಂದು ಸಲ ಜಗ್ಗುತ್ತಿದ್ದೆ. ಪ್ರತಿ ಸಲವೂ ಒಂದು ಉತ್ತರ ಬರುತ್ತಿತ್ತು. ‘ಇಲ್ಲೇ ಅದೀನಿ.’ ಮೇಲಕ್ಕೆ ಎಳಿ ಅನ್ನುವ ಮೂರು ಜಗ್ಗು ಮಾತ್ರ ಬರಲಿಲ್ಲ. ಹಗ್ಗ ಕಟ್ಟಿಕೊಳ್ಳಲು ಒದ್ದಾಡುತ್ತಿರಬೇಕು, ಪಾಪ, ಕೈಗೆ ಪೆಟ್ಟಾಗಿದೆಯೋ ಏನೋ ಅಂದುಕೊಂಡೆ.

ಕತ್ತಲಾಯಿತು. ಏಳೂಕಾಲಿಗೆ ಚೀಲದಲ್ಲಿದ್ದ ಬಸಣ್ಣನ ಫೋನ್ ಬಡಿದುಕೊಂಡಿತು. ಶಾಂತಾ ವೈನಿ. ರೊಟ್ಟಿ ಬಡಿಯಲೋ ಬೇಡವೋ, ಎಷ್ಟೊತ್ತಿಗೆ ಬರುತ್ತೀರಿ ಅಂತ ಕೇಳಿದರು. ನಾನು ವಿಷಯ ಹೇಳಿದೆ. ಆ ಕಡೆ ಸ್ಟೋವ್ ಆರಿಸಿದ ಸದ್ದು ಕೇಳಿತು.

“ಶಿವು, ಖರೇ ಹೇಳು. ಜೀವಂತ ಅದಾರೇನು?”

“ಅದಾನ್ರೀ ವೈನಿ. ನಾ ಹಗ್ಗ ಹಿಡದೀನಿ, ಕೆಳಗಿಂದ ಅವನೂ ಜಗ್ಗಾಕತ್ತಾನ. ನೀವೇನೂ ಕಾಳಜಿ ಮಾಡಬ್ಯಾಡ್ರಿ.”

“ಹಂಗಾರ ಹಗ್ಗ ಬಿಡಬ್ಯಾಡ,” ಅಂದರು ವೈನಿ.

ಬಿಡಲಿಲ್ಲ.

ಯಾದಯ್ಯ ಲಾಟೀನು ಹಿಡಿದು ಒಬ್ಬನೇ ಏದುಸಿರು ಬಿಡುತ್ತಾ ಬಂದ. ಊರಿನವರು ಹಿಂದೆ ಬರುತ್ತಿದ್ದಾರೆ ಅಂದ. ಸಂದಿಯನ್ನು ನೋಡಿದ, ಹಗ್ಗ ನೋಡಿದ, ನನ್ನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ ತೆಲುಗಿನಲ್ಲಿ ಹೇಳಿದ.

“ಅಂದ್ಲ ಮನಿಷಿ ಪಟ್ಟಡು, ಅನ್ನಾ.”

ಅದರಲ್ಲಿ ಮನುಷ್ಯ ಹಿಡಿಸುವುದಿಲ್ಲ. ಚಿಕ್ಕಂದಿನಿಂದ ಅವನು ಆ ಗುಡ್ಡದಲ್ಲೇ ಆಡು ಮೇಯಿಸಿದವನು. ಎಷ್ಟೋ ಸಲ ಮರಿಗಳು ಆ ಸಂದಿಗೆ ಬಿದ್ದಾಗ ಕೋಲು ಹಾಕಿ ಎತ್ತಿದ್ದನಂತೆ. ಓರೆಗೆ ತಿರುಗುವ ಜಾಗದಲ್ಲಿ ಸಂದಿ ಒಂದು ಗೇಣು ಅಗಲವೂ ಇಲ್ಲವಂತೆ. ಹಿಂಬದಿಗೆ ಹೋಗಿ ಹುಡುಕೋಣ ಬಾ ಅಂದ.

ನಾನು ಅವನ ಕೈಯನ್ನು ಹಗ್ಗದ ಮೇಲಿಟ್ಟು ಒಂದು ಸಲ ಜಗ್ಗಿದೆ. ಕೆಳಗಿನಿಂದ ಉತ್ತರ ಬಂತು. ಯಾದಯ್ಯ ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಅಂಗೈಯನ್ನು ಧೋತರಕ್ಕೆ ಒರೆಸಿದ, ಮತ್ತೆ ಮತ್ತೆ ಒರೆಸಿದ.

“ಇಡ್ಸಿಪೆಟ್ಟು ಅನ್ನಾ,” ಅಂದ. ಬಿಟ್ಟುಬಿಡು.

ಕೆಳಗೆ ನಮ್ಮ ಅಣ್ಣ ಇದ್ದಾನೆ, ಹೇಗೆ ಬಿಡಲಿ ಅಂತ ನಾನು ರೇಗಿದೆ. ಮುದುಕ ಲಾಟೀನು ಎತ್ತಿಕೊಂಡು, ಊರಿನವರನ್ನು ಎದುರುಗೊಳ್ಳಲು ಇಳಿದು ಹೋದ.

ಮತ್ತೆ ಒಬ್ಬನೇ. ಜೀರುಂಡೆಗಳು ಒಮ್ಮೆಲೇ ನಿಂತವು. ಸಂದಿಯಿಂದ ಬರುತ್ತಿದ್ದ ಗಾಳಿಯೂ ನಿಂತಿತು. ಆ ಫೋನ್ ಇನ್ನೂ ಆಗೊಮ್ಮೆ ಈಗೊಮ್ಮೆ ರಿಂಗಾಗುತ್ತಿತ್ತು. ನನ್ನ ಕಾಲು ಜೋಮು ಹಿಡಿದಿತ್ತು, ಗಂಟಲು ಒಣಗಿತ್ತು. ಬಸಣ್ಣನ ಬಾಟಲಿಯ ನೀರು ಕುಡಿಯಲು ಮಾತ್ರ ಮನಸ್ಸಾಗಲಿಲ್ಲ, ಮೇಲೆ ಬಂದ ಮೇಲೆ ಅವನಿಗೆ ಬೇಕಾಗುತ್ತದೆ.

ಎಂಟೂವರೆ ಇರಬೇಕು. ನಾನು ಜಗ್ಗಿರಲೇ ಇಲ್ಲ.

ಒಂದು... ಎರಡು... ಮೂರು.

ಎದ್ದು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎಳೆದೆ. ಭಾರ ಇತ್ತು. ಒಬ್ಬ ಗಂಡಸಿನ ಪೂರ್ತಿ ಭಾರ. ಅಂಗೈ ಸುಟ್ಟು ಚರ್ಮ ಕಿತ್ತುಬಂತು, ಬಿಡಲಿಲ್ಲ. ಬಸಣ್ಣಾ, ಇನ್ನೊಂಚೂರು, ಇನ್ನೊಂಚೂರು ಅಂತ ಗೊಣಗುತ್ತಾ ಒಂದೊಂದು ಮೊಳ ಎಳೆದೆ. ಅರ್ಧ ದಾರಿಯಲ್ಲಿ ಭಾರ ಕಡಿಮೆಯಾಗತೊಡಗಿತು. ಹಗ್ಗ ಕಡಿದ ಹಾಗೆ ಒಮ್ಮೆಲೇ ಅಲ್ಲ. ಸ್ವಲ್ಪ ಸ್ವಲ್ಪವಾಗಿ, ತೂತಾದ ಕೊಡದಿಂದ ನೀರು ಸೋರಿದ ಹಾಗೆ. ಕೊನೆಯ ನಾಲ್ಕು ಮೊಳ ಬಂದಾಗ ಹಗ್ಗಕ್ಕೆ ತನ್ನದೇ ತೂಕ ಬಿಟ್ಟರೆ ಏನೂ ಇರಲಿಲ್ಲ.

ತುದಿ ಮೇಲೆ ಬಂತು. ಬರೀ ತುದಿ ಬಿಟ್ಟಿದ್ದೆನಲ್ಲ, ಅದಕ್ಕೆ ಈಗ ಕುಣಿಕೆ ಹಾಕಿತ್ತು.

ಎಂಟರ ಆಕಾರದ ಗಂಟು. ನಾವೆಲ್ಲ ಉಳಿದ ಬಾಲವನ್ನು ಒಂದು ಸುತ್ತು ಸುತ್ತಿ ಬಿಡುತ್ತೇವೆ. ಬಸಣ್ಣ ಒಬ್ಬನೇ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸುತ್ತಿದ್ದ. ಇದಕ್ಕೂ ಎರಡು ಸುತ್ತು, ತುದಿ ಒಳಗೆ. ಮೂಗಿನ ಹತ್ತಿರ ಹಿಡಿದೆ. ಮುಲಾಮಿನ ವಾಸನೆ.

ಅದೇ ಹೊತ್ತಿಗೆ ಗುಡ್ಡದ ಹಿಂಬದಿಯಿಂದ ಜನರ ಕೂಗು ಕೇಳಿಸಿತು.

ಬಸಣ್ಣ ಸಿಕ್ಕಿದ್ದು ಹಿಂಬದಿಯ ಬಂಡೆಯ ಬುಡದಲ್ಲಿ. ಬಿಚ್ಚಿದ ಪಟ್ಟಿಗಳು ಹೆಗಲಲ್ಲೇ ಇದ್ದವು. ಕಾಲು ಜಾರಿ ಬಿದ್ದಿದ್ದ, ತೊಡೆ ಮುರಿದಿತ್ತು, ಪಕ್ಕೆಲುಬುಗಳು ಮುರಿದಿದ್ದವು. ಅವನ ಜೇಬಿನಲ್ಲಿ ಆ ಹುಡುಗಿಯ ಮೊಬೈಲ್ ಇತ್ತು. ಐದಕ್ಕೇ ಕೋಲು ಹಾಕಿ ಅದನ್ನು ತೆಗೆದುಕೊಂಡು, ಬಾಟಲಿಯನ್ನು ಅಲ್ಲೇ ಮರೆತು ಹಿಂಬದಿಗೆ ಹೋಗಿದ್ದ ಅಂತ ಕಾಣುತ್ತದೆ. ಪಾಪ, ಆ ಹುಡುಗಿ ತನ್ನ ಫೋನಿಗೆ ತಾನೇ ಮೇಲಿಂದ ಮೇಲೆ ಕರೆ ಮಾಡುತ್ತಲೇ ಇದ್ದಳು. ಆ ಸದ್ದು ಹಿಡಿದೇ ಊರಿನವರು ಅವನನ್ನು ಕಂಡುಹಿಡಿದದ್ದು. ನಾನೂ ಅದನ್ನೇ ಕೇಳಿದ್ದೆ. ಬಂಡೆಗಳು ಅದನ್ನು ಸಂದಿಯೊಳಗಿಂದ ಕೇಳಿಸಿದ್ದವು.

ನಾನು ಓಡಿ ಹೋದಾಗ ಅವನ ಕೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ನೋಡಿ, ಜೀವ ಹೋಗಿ ಬಹಳ ಹೊತ್ತಾಗಿಲ್ಲ, ಎಂಟೂವರೆಯ ಆಸುಪಾಸು ಇರಬೇಕು ಅಂದರು. ಬಿದ್ದಾಗಲೇ ಪ್ರಜ್ಞೆ ತಪ್ಪಿರಬೇಕು, ನಿಧಾನಕ್ಕೆ ರಕ್ತ ಹೋಗಿದೆ, ಒಂದೆರಡು ತಾಸು ಮುಂಚೆ ತಂದಿದ್ದರೆ ಉಳಿಯುತ್ತಿದ್ದ ಅಂದರು. ಬೈಯುವ ದನಿಯಲ್ಲಲ್ಲ, ಸುಮ್ಮನೆ ಹೇಳಿದರು.

ನಾನು ಕೂತಿದ್ದ ಸಂದಿಯಿಂದ ಹಿಂಬದಿಯ ಬಂಡೆಗೆ ಹತ್ತು ನಿಮಿಷದ ದಾರಿ. ಹಗ್ಗ ಉತ್ತರ ಕೊಡದೇ ಇದ್ದಿದ್ದರೆ ಆರೂ ಮುಕ್ಕಾಲಿಗೇ ಎದ್ದು ಆ ಕಡೆ ಹೋಗುತ್ತಿದ್ದೆ. ಅವನು ಉಸಿರಾಡುತ್ತಿದ್ದಷ್ಟೂ ಹೊತ್ತು ನನ್ನನ್ನು ಯಾರೋ ಅಲ್ಲೇ ಕೂರಿಸಿಕೊಂಡಿದ್ದರು. ಯಾರು? ಬಸಣ್ಣನೇ ಆಗಿದ್ದರೆ ತನ್ನ ಜೀವ ಉಳಿಸಬೇಕಾದವನನ್ನು ಯಾಕೆ ತಡೆದ? ಬಸಣ್ಣ ಅಲ್ಲದಿದ್ದರೆ ಆ ಗಂಟು ಹಾಕಲು ಅದಕ್ಕೆ ಕಲಿಸಿದವರು ಯಾರು? ದೊಡ್ಡ ಓದು ಓದಿದವರು ನನಗೆ ಆಯಾಸ, ಭ್ರಮೆ ಅಂತೆಲ್ಲ ಹೇಳಿದ್ದಾರೆ. ಯಾದಯ್ಯನ ಕೈಗೂ ಭ್ರಮೆಯಾಗಿತ್ತೇ ಅಂದರೆ ಮಾತು ಬದಲಿಸುತ್ತಾರೆ. ಆ ಮುದುಕ ಈಗ ಆ ಕಡೆ ಆಡು ಹೊಡೆದುಕೊಂಡು ಹೋಗುವುದಿಲ್ಲ.

ಶಾಂತಾ ವೈನಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಹೋದಾಗಲೆಲ್ಲ ತಟ್ಟೆ ಹಾಕಿ ರೊಟ್ಟಿ ಬಡಿಸುತ್ತಾರೆ, ನಾನು ತಿನ್ನುವವರೆಗೆ ಎದುರಿಗೇ ಕೂತಿರುತ್ತಾರೆ. ಕೊನೆಗೆ ಒಂದೇ ಮಾತು ಕೇಳುತ್ತಾರೆ.

“ಅದಾನ ಅಂತ ಹೇಳಿದ್ದೆಲ್ಲೋ ಶಿವು. ಯಾರಿದ್ದರಪಾ ಅಲ್ಲಿ?”

ಈಗ ಅವರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದೇನೆ.

ಗಾಜು ಒರೆಸುವ ಕೆಲಸ ನಡೆದಿದೆ, ಹೊಟ್ಟೆ ಕೇಳಬೇಕಲ್ಲ. ಆ ಹಗ್ಗವನ್ನು ಮಾತ್ರ ಮತ್ತೆ ಬಳಸಿಲ್ಲ. ಗಂಟು ಬಿಚ್ಚಲು ಮನಸ್ಸಿಲ್ಲ, ಎಸೆಯಲು ಧೈರ್ಯ ಇಲ್ಲ. ಅಟ್ಟದ ಮೇಲೆ ಸುತ್ತಿಟ್ಟಿದ್ದೇನೆ. ಬಾಗಿಲು ಹಾಕಿದ ಮನೆಯಲ್ಲಿ ಕೆಲವು ಸಂಜೆ ಮುಲಾಮಿನ ವಾಸನೆ ಬರುತ್ತದೆ. ಆಗ ಅಟ್ಟದಿಂದ ಹಗ್ಗದ ಒಂದು ತುದಿ ಒಂದು ಮೊಳದಷ್ಟು ಕೆಳಗೆ ಇಳಿದಿರುತ್ತದೆ, ನಾನು ಮೇಲೆ ತಳ್ಳಿದ್ದು ಚೆನ್ನಾಗಿ ನೆನಪಿದ್ದರೂ.

ಕೈ ಚಾಚಿದರೆ ಸಿಗುತ್ತದೆ. ಇವತ್ತಿನವರೆಗೆ ಜಗ್ಗಿ ನೋಡಿಲ್ಲ. ಉತ್ತರ ಬಂದರೆ ಮತ್ತೆ ಬಿಡುವಂತಿಲ್ಲ.