ಗಂಜೀಫದ ಮೀನುಗಳು

ಮೊನ್ನೆ ಮೊಮ್ಮಗಳು ಅಟ್ಟದಿಂದ ಗಂಜೀಫದ ಪೆಟ್ಟಿಗೆ ಇಳಿಸಿಕೊಂಡು ಬಂದಳು. ಅರಗು ಬಳಿದ, ಇಸ್ಪೀಟಿನಂಥ ದುಂಡನೆಯ ಎಲೆಗಳು, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣವು, ಮೇಲೆ ದಶಾವತಾರದ ಚಿತ್ರ. ನಮ್ಮ ಸುರಪುರದ ಚಿತ್ರಗಾರರು ಯಾವ ಕಾಲದಲ್ಲೋ ಬರೆದದ್ದು. "ಇದರಾಗ ಭವಿಷ್ಯ ಕೇಳ್ತಿದ್ರಂತಲ್ಲ. ನನ್ನ ರಿಸಲ್ಟ್ ಕೇಳೂಣು ಬಾ ಅಜ್ಜಿ" ಎಂದಳು. "ಓದಿದ್ರ ಪಾಸಾಗ್ತಿ, ಇಲ್ಲಾಂದ್ರ ಇಲ್ಲ. ಇಟ್ಟು ಬಾ ಅದನ್ನ" ಎಂದು ಗದರಿದೆ. ಮುಖ ಸಣ್ಣ ಮಾಡಿಕೊಂಡು ಹೋದಳು. ಹೋಗಲಿ. ಆ ಎಲೆಗಳನ್ನು ಹಾಸಿದ್ದು ನೋಡಿ ನನಗೆ ಸಾಕಾಗಿದೆ.

ಆಗ ನಿಜಾಮರ ರಾಜ್ಯ ಹೋಗಿ ನಾವು ಹಿಂದುಸ್ತಾನಕ್ಕೆ ಸೇರಿದ ಹೊಸತು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಅತ್ತೆ, ಅಂದರೆ ಅಪ್ಪನ ತಂಗಿ, ನಮ್ಮ ಮನೆಯಲ್ಲೇ ಇದ್ದಳು. ಅವಳ ಗಂಡ ಶಹಾಪುರದಲ್ಲಿ ಮಾಸ್ತರನಾಗಿದ್ದ. ರಜಾಕಾರರ ಗದ್ದಲ ಜೋರಾದಾಗ ಹೆಂಡತಿಯನ್ನು ತವರಿಗೆ ಬಿಟ್ಟು, ಕೃಷ್ಣಾ ಹೊಳೆ ದಾಟಿ ಆಚೆಯ ಹೋರಾಟಗಾರರ ಶಿಬಿರ ಸೇರುತ್ತೇನೆಂದು ಹೊರಟವನು. ಗದ್ದಲ ಮುಗಿಯಿತು. ಹೋದವರು ಒಬ್ಬೊಬ್ಬರಾಗಿ ಮರಳಿದರು. ಮಾವ ಬರಲಿಲ್ಲ. ಶಿಬಿರದಲ್ಲಿದ್ದವರನ್ನು ಕೇಳಿದರೆ, ಅವನು ಅಲ್ಲಿಗೆ ಬಂದೇ ಇಲ್ಲವೆಂದರು. ಅವನು ಹೊರಟ ದಿನ ಹೊಳೆ ತುಂಬಿತ್ತೆಂಬುದು ಎಲ್ಲರಿಗೂ ಗೊತ್ತು. ಅತ್ತೆಯ ಮುಂದೆ ಮಾತ್ರ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅಪ್ಪ ಆಗಾಗ ಯಾದಗಿರಿ ಸ್ಟೇಷನ್ನಿಗೆ ಹೋಗಿ, ರೈಲು ಇಳಿದವರನ್ನೆಲ್ಲ ವಿಚಾರಿಸಿ ಬರುತ್ತಿದ್ದ.

ಅಪ್ಪ ಬರಿಗೈಲಿ ಬಂದ ಮರುದಿನ ನನ್ನ ಅಜ್ಜಿ, ಅಂದರೆ ಅತ್ತೆಯ ತಾಯಿ, ಗಂಜೀಫ ಹಾಸುತ್ತಿದ್ದಳು. ಅವು ಆಟದ ಎಲೆಗಳೇ. ಆದರೆ ನಮ್ಮ ಮನೆಯ ಹೆಂಗಸರು ಹಿಂದಿನಿಂದಲೂ ಅದರಲ್ಲಿ ಶಕುನ ಕೇಳುತ್ತ ಬಂದಿದ್ದರು. ಕಂಬಳಿಯ ಮೇಲೆ ಎಲೆ ಬೋರಲು ಹಾಕಿ, ದೂರ ಹೋದವರ ಹೆಸರು ಗಟ್ಟಿಯಾಗಿ ಹೇಳಿ, ಒಂದನ್ನು ಎತ್ತಬೇಕು. ಆಮೆ ಬಂದರೆ ತಡ. ಕುದುರೆ ಬಂದರೆ ಮನೆಗೆ ಹೊರಟಿದ್ದಾರೆಂದು. ಮೀನು ಬಂದರೆ ನೀರಿನ ಪಾಲಾದರೆಂದು.

ಹೆಸರು ಹೇಳುವುದೇ ತೊಡಕು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು, ಮಾವನ ಹೆಸರನ್ನು ಅತ್ತೆ ಒಮ್ಮೆಯೂ ಬಾಯಲ್ಲಿ ತಂದವಳಲ್ಲ. ಅದಕ್ಕೆಂದೇ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಹಾಜರಿ ಕೂಗಿದಂತೆ ನಾನು ಮಾವನ ಹೆಸರು ಕೂಗುತ್ತಿದ್ದೆ, ಅತ್ತೆ ಕಣ್ಣು ಮುಚ್ಚಿ ಎಲೆ ಎತ್ತುತ್ತಿದ್ದಳು.

ಮೀನು ಎಂದೂ ಬರಲಿಲ್ಲ. ಬರುವುದಾದರೂ ಹೇಗೆ? ಕಲೆಸುವ ಮೊದಲೇ ಅಜ್ಜಿ ಮೀನಿನ ಎಲೆಗಳನ್ನೆಲ್ಲ ಆರಿಸಿ ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು. ನಾನು ಅದನ್ನು ಕಂಡೆ, ಅಜ್ಜಿ ನನ್ನತ್ತ ಕಣ್ಣು ಕೆಕ್ಕರಿಸಿದಳು. ಆಮೆ ಬಂದರೆ, "ತಡ ಆಗ್ತದ, ಬರ್ತಾನ." ಸಿಂಹ ಬಂದರೆ, "ಗಟ್ಟಿಯಾಗಿ ಅದಾನ, ಬರ್ತಾನ." ಹಂದಿ ಬಂದರೂ ಬರ್ತಾನ. ಎಲ್ಲ ಅವತಾರಗಳನ್ನೂ ಅಜ್ಜಿ ಈ ಒಂದು ಮಾತಿಗೆ ದುಡಿಸಿಕೊಂಡಳು. ಅತ್ತೆ ಅಷ್ಟು ಕೇಳಿಸಿಕೊಂಡು ಎದ್ದು ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ಹೀಗೇ ಇನ್ನೊಂದು ಮಳೆಗಾಲ ಕಳೆದ ಮೇಲೆ ಶಹಾಪುರದಿಂದ ಮಾವನ ಅಣ್ಣ ಬಂದ. ಒಳ್ಳೆಯ ಮನುಷ್ಯ. ಪಡಸಾಲೆಯಲ್ಲಿ ತಲೆ ಎತ್ತದೆ ಕೂತು ಅಪ್ಪನಿಗೆ ಹೇಳಿದ: "ನಮ್ಮವ್ವ ಹಾಸಗಿ ಹಿಡದಾಳ್ರಿ. ಮಗನ ದಿನಕರ್ಮ ಮಾಡ್ರಿ, ಅವನ ಜೀವಕ್ಕ ಶಾಂತಿ ಸಿಗಲಿ ಅಂತ ಅಳಾಕತ್ತಾಳ. ನಿಮ್ಮ ತಂಗಿ ಹೂಂ ಅನ್ನದ ನಾವು ಮಾಡಂಗಿಲ್ರಿ."

ಅತ್ತೆ ಹೂಂ ಅಂದರೆ ಕೈಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು. ಉಹೂಂ ಅಂದರೆ ಅಲ್ಲೊಂದು ಮುದಿಜೀವ ನೆಮ್ಮದಿಯಿಲ್ಲದೆ ಹೋಗಬೇಕು. ಅಪ್ಪ ಒಳಗೆ ನೋಡಿದ.

ಆ ದಿನ ಅತ್ತೆ ತಾನೇ ಪೆಟ್ಟಿಗೆ ತಂದು ಅಜ್ಜಿಯ ಮುಂದಿಟ್ಟಳು. ಅಜ್ಜಿ ಎಂದಿನಂತೆ ಮೀನು ಆರಿಸಿಕೊಂಡು ಕೂತಳು.

"ಯವ್ವಾ, ತೊಡಿ ಕೆಳಗಿನವೂ ಹಾಕು" ಎಂದಳು ಅತ್ತೆ.

"ಯಾವವ?"

"ಮೀನಿನವು. ಇಷ್ಟ ದಿನ ನನಗ ಕಾಣಲಿಲ್ಲ ಅಂತ ಮಾಡೀಯೇನು? ಹಾಕು."

ಅಜ್ಜಿ ಒಂದೊಂದೇ ಹೊರತೆಗೆದು ಹಾಕಿದಳು. ಕಲೆಸಿ ಬೋರಲು ಹಾಸಿದಳು. ನಾನು ಹೆಸರು ಕೂಗಲು ಬಾಯಿ ತೆರೆದೆ. ಅತ್ತೆ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಕೈಗೆ ಜೋಳದ ಹಿಟ್ಟಿನ ವಾಸನೆ ಇತ್ತು. ಆಮೇಲೆ ಮಾವನ ಹೆಸರನ್ನು ತಾನೇ ಹೇಳಿದಳು. ಪೂರ್ತಿ ಹೆಸರು, ಮೆಲ್ಲಗೆ, ಪಕ್ಕದ ಕೋಣೆಯಲ್ಲಿದ್ದವರನ್ನು ಊಟಕ್ಕೆ ಕರೆದಂತೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಏಕೋ ಭಯವಾಗಿ ಅಳು ಬಂತು.

ಅತ್ತೆ ಎತ್ತಿದ್ದು ಕುದುರೆ. ಅಜ್ಜಿ ಅಷ್ಟು ಮೋಸ ಮಾಡಿದರೂ ಒಮ್ಮೆಯೂ ಬಾರದಿದ್ದ ಬಿಳಿ ಕುದುರೆ, ಮುಂಗಾಲು ಎತ್ತಿ ನಿಂತದ್ದು.

ಅಜ್ಜಿ ಎಲೆ ಕಸಿದುಕೊಂಡು ಅಳುತ್ತಲೇ ನಕ್ಕಳು. "ಕುದುರಿ ಬಂತು ಮಗಳ. ಹೊಂಟಾನ, ದಾರ್ಯಾಗ ಅದಾನ. ಈ ಸಲ ನಾ ಏನೂ ಮಾಡಿಲ್ಲ, ನಿನ್ನಾಣಿ. ನಿನ್ನ ಭಾವಗ ವಾಪಸ್ ಹೋಗಂತ ಹೇಳ್ತೀನಿ, ಇರು."

"ಬ್ಯಾಡವ್ವ" ಎಂದಳು ಅತ್ತೆ. "ಬರಾಂವ ಇದ್ದಿದ್ರ ನಾ ಹೆಸರ ಹೇಳ್ತಿದ್ನೇನು?"

ಅಜ್ಜಿಯ ಕೈಯಿಂದ ಕುದುರೆ ಬಿಡಿಸಿಕೊಂಡು ಉಳಿದ ಎಲೆಗಳ ಜೊತೆ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಪಡಸಾಲೆಯ ಬಾಗಿಲಿಗೆ ಹೋದಳು. "ಆಯ್ತ್ರಿ, ಮಾಡ್ರಿ" ಎಂದದ್ದು ಒಳಗೆ ನಮಗೆ ಕೇಳಿಸಿತು.