ಶಟ್ಟೆವ್ವನ ಪಗಾರ ಮತ್ತು ಯಲ್ಲವ್ವತ್ತೆಯ ಹೊಲ

ಮುನವಳ್ಳಿಯಲ್ಲಿ ಯಾರ ಮನೆಯ ಕೌದಿ ಹರಿದರೂ ಅದು ಶಟ್ಟೆವ್ವನ ಕಟ್ಟೆಗೆ ಬರುತ್ತಿತ್ತು. ಹಳೆಯ ಸೀರೆ, ಸವೆದ ಧೋತರ, ಮೊಮ್ಮಕ್ಕಳ ಗಿಡ್ಡಾದ ಅಂಗಿ ಎಲ್ಲವನ್ನೂ ಗಂಟು ಕಟ್ಟಿ ತಂದು ಹಾಕಿದರೆ ಹದಿನೈದು ದಿನಕ್ಕೆ ಹೊಸ ಕೌದಿಯಾಗಿ ಮನೆಗೆ ಮರಳುತ್ತಿತ್ತು. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಆಕೆಯ ಬಲಗಾಲು ಬತ್ತಿಹೋಗಿತ್ತು. ಮದುವೆಯಾಗಲಿಲ್ಲ. “ಕಾಲ ನೋಡಿ ಒಲ್ಲೆ ಅಂದಾವ್ರು ನಾಕ ಮಂದಿ, ಬಾಯಿ ನೋಡಿ ಓಡಿ ಹೋದಾವ್ರು ಇಬ್ರು” ಎಂದು ಆಕೆಯೇ ಲೆಕ್ಕ ಹೇಳುತ್ತಿದ್ದಳು. ಈಗ ಐವತ್ತೆಂಟು ವಯಸ್ಸು. ತಮ್ಮ ಸುಭಾಸನ ಮನೆಯ ಮುಂದಿನ ಖೋಲಿಯಲ್ಲಿ ವಾಸ, ಒಲೆ ಬೇರೆ, ಓಡಾಡಲು ಕೈಯಿಂದ ತಿರುಗಿಸುವ ಮೂರುಗಾಲಿ ಸೈಕಲ್ಲು.

ಸರ್ಕಾರದಿಂದ ತಿಂಗಳಿಗೊಮ್ಮೆ ಆಕೆಗೆ ಅಂಗವಿಕಲರ ಮಾಸಾಶನ ಬರುತ್ತಿತ್ತು. ಊರಿನವರು ಅದನ್ನು ‘ಪಗಾರ’ ಎನ್ನುತ್ತಿದ್ದರು. ಅದನ್ನು ಪಡೆಯಲು ಶಟ್ಟೆವ್ವ ದೊಡ್ಡ ಆಸ್ಪತ್ರೆಗೆ ಮೂರು ಸಲ ಹೋಗಿ ಬಂದಿದ್ದಳು. ಮೂರನೆಯ ಸಲ ಡಾಕ್ಟರು ಕಾಲನ್ನು ಎತ್ತಿ, ಬಗ್ಗಿಸಿ, ಬಿಟ್ಟು, ಎಪ್ಪತ್ತೈದು ಪರ್ಸೆಂಟ್ ಎಂದು ಬರೆದುಕೊಟ್ಟಾಗ ಆಕೆ ಕಾಗದವನ್ನು ಓಣಿಗೆಲ್ಲ ತೋರಿಸಿದ್ದಳು. “ಸಾಲ್ಯಾಗ ಮೂವತ್ತೈದ ದಾಟಿರಲಿಲ್ಲ ನಾ” ಎಂದಿದ್ದಳು. ಮೊತ್ತ ದೊಡ್ಡದೇನಲ್ಲ. ಆದರೆ ಯಾರ ಮುಂದೆಯೂ ಕೈಯೊಡ್ಡದೆ, ಯಾರಿಗೂ ಹೌದೌದು ಎನ್ನದೆ ಬರುತ್ತಿದ್ದ ದುಡ್ಡು ಅದೊಂದೇ.

ಹೂಲಿಯಲ್ಲಿ ಆಕೆಯ ಸೋದರತ್ತೆ ಯಲ್ಲವ್ವ ಇದ್ದಳು. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಸುಭಾಸನ ಮದುವೆಯಲ್ಲಿ ಅತ್ತೆ ತಾಮ್ರದ ಹಂಡೆಯೊಂದನ್ನು ಉಡುಗೊರೆ ಕೊಟ್ಟಾಗ, ತುಂಬಿದ ಹಂದರದಲ್ಲಿ ಅದಕ್ಕೆ ನೀರು ಹಾಕಿಸಿ ನೋಡಿ, “ಸೋರತೈತಿ” ಎಂದು ಶಟ್ಟೆವ್ವ ಸಾರಿದ್ದಳು. ಅಂದಿನಿಂದ ಇಪ್ಪತ್ತೆರಡು ವರ್ಷ ಇಬ್ಬರಿಗೂ ಮಾತಿಲ್ಲ. ಹಂಡೆ ನಿಜವಾಗಿಯೂ ಸೋರುತ್ತಿತ್ತು ಎನ್ನುವುದು ಬೇರೆ ಮಾತು.

ಕಳೆದ ದಸರೆ ಮುಗಿದ ಮೇಲೆ ಅತ್ತೆ ತೀರಿಕೊಂಡಳು. ಹನ್ನೊಂದನೆಯ ದಿನ ಬಂಧು ಬಳಗವೆಲ್ಲ ಕೂಡಿದಾಗ, ಆಕೆಯ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮುದುಕ ಮಡಿವಾಳೆಪ್ಪ ಒಂದು ನೋಂದಾಯಿತ ಮೃತ್ಯುಪತ್ರ ತೆಗೆದು ಓದಿಸಿದ. ಎರಡು ಎಕರೆ ಹೊಲ ಅಣ್ಣನ ಮಗಳು ಶಟ್ಟೆವ್ವನಿಗೆ ಎಂದಿತ್ತು. ಕಾರಣವನ್ನೂ ಮುದುಕಿ ಬರೆಸಿದ್ದಳು: “ಬಾಕಿ ಎಲ್ಲಾರೂ ಹೊಲಾ ಕೇಳಾಕ ಬಂದ್ರು. ಆಕಿ ಒಬ್ಬಾಕಿ ಬೈದು ಹೋದಾಕಿ ಮತ್ತ ಬರಲಿಲ್ಲ.”

ಮರುದಿನ ಬೆಳಿಗ್ಗೆ ಸುಭಾಸನ ಹೆಂಡತಿ ಮಹಾನಂದಾ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಂದು ಶಟ್ಟೆವ್ವನ ಮುಂದಿಟ್ಟಳು. ಒಲೆ ಬೇರೆಯಾಗಿ ಹನ್ನೊಂದು ವರ್ಷವಾಗಿತ್ತು. ಹಬ್ಬದ ಹೋಳಿಗೆ ಬಿಟ್ಟರೆ ಆ ಬಾಗಿಲಿನಿಂದ ಈ ಬಾಗಿಲಿಗೆ ಏನೂ ದಾಟಿರಲಿಲ್ಲ. “ಅಕ್ಕಾರ, ಒಬ್ಬರ ಎಷ್ಟಂತ ರೊಟ್ಟಿ ಬಡಿದುಕೊಂತೀರಿ” ಎಂದಳು ಮಹಾನಂದಾ. ಎರಡನೆಯ ದಿನವೂ ರೊಟ್ಟಿ ಬಂತು. ಮೂರನೆಯ ದಿನ ರೊಟ್ಟಿಯ ಜೊತೆಗೆ ಸುಭಾಸನೂ ಬಂದ.

“ಅಕ್ಕಾ, ನನಗ ನಿನ್ನ ಪಗಾರದ್ದ ಚಿಂತಿ ಹತ್ತೇತಿ” ಎಂದು ಕಟ್ಟೆಯ ಮೇಲೆ ಕುಳಿತ.

“ಹಿಂದಕ ಆರ ತಿಂಗಳ ನಿಂತಿತ್ತಲ್ಲೋ, ಅವಾಗ ಹತ್ತಲಿಲ್ಲಲಾ?”

“ಹಂಗಲ್ಲ. ಈಗ ಎಲ್ಲಾ ಕಂಪ್ಯೂಟರಿನ್ಯಾಗ ಕೂಡಿಸ್ಯಾರ. ಹೊಲ ನಿನ್ನ ಹೆಸರಿಗೆ ಹತ್ತಿತು ಅಂದ್ರ ಅಲ್ಲಿ ಕಾಣಸತೈತಿ. ಹೊಲ ಇದ್ದಾವ್ರಿಗೆ ಪಗಾರ ಇಲ್ಲ. ಬಂದ್ ಮಾಡತಾರ.”

“ಮತ್ತ ಏನ ಮಾಡೂದು?”

“ನನ್ನ ಹೆಸರಿಗೆ ಬಿಟ್ಟಕೊಡು. ಭಾರ ನಾ ಹೊರತೇನಿ.” ಸುಭಾಸ ನಿಟ್ಟುಸಿರು ಬಿಟ್ಟ. “ಆ ಹೊಲದಾಗ ಏನೈತಿ ಅಂತ ತಿಳದೀ? ಬರೇ ಕಲ್ಲ. ಒಂದ ಕಾಳ ಬೆಳೆಯೂದಿಲ್ಲ.”

ಶಟ್ಟೆವ್ವ ದಾರವನ್ನು ಹಲ್ಲಿನಿಂದ ಕಡಿದಳು. “ಕಾಳ ಬೆಳೆಯೂದಿಲ್ಲಂದ್ರ ನನಗ ಆದಾಯ ಎಲ್ಲಿಂದ ಬಂತೋ ತಮ್ಮಾ? ಆದಾಯನ ಇಲ್ಲಂದ್ರ ಪಗಾರ ಯಾಕ ಬಂದ್ ಮಾಡತಾರ?”

ಸುಭಾಸ ಬಹಳ ಹೊತ್ತು ವಿಚಾರ ಮಾಡಿದ. ವಿಚಾರ ಮಾಡುತ್ತ ಅಕ್ಕನಿಗೆಂದು ತಂದಿದ್ದ ರೊಟ್ಟಿಯಲ್ಲೇ ಒಂದನ್ನು ಮುರಿದು ತಿಂದ. “ಅದು ಸರ್ಕಾರದ ಲೆಕ್ಕ ಅಕ್ಕಾ. ನಿನಗ ತಿಳಿಯೂದಿಲ್ಲ” ಎಂದು ಎದ್ದು ಹೋದ.

ಶಟ್ಟೆವ್ವ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಊಹೂಂ ಎಂದರೆ ರೊಟ್ಟಿ ನಿಲ್ಲುತ್ತದೆ, ಹೂಂ ಎಂದರೂ ನಿಲ್ಲುತ್ತದೆ ಎನ್ನುವುದು ಆಕೆಗೆ ಮೊದಲ ವಾರದಲ್ಲೇ ಹೊಳೆದಿತ್ತು. ಹೀಗೆ ಎರಡು ತಿಂಗಳು ವಿಚಾರ ಮಾಡಿದಳು. ಆಕೆಯ ಮೈಗೆ ಸ್ವಲ್ಪ ಮಾಂಸವೂ ಹತ್ತಿತು. ನಡುವೆ ಒಮ್ಮೆ ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳಿ ಕಳಿಸಿದಳು, ಮರುದಿನ ಸರಿಯಾಗಿತ್ತು.

ಆದರೆ ಒಳಗೊಳಗೇ ಹೆದರಿಕೆ ಇತ್ತು. ಆದಾಯ ಪ್ರಮಾಣಪತ್ರದ ಅವಧಿ ಮುಗಿಯುತ್ತ ಬಂದಿತ್ತು, ಹೊಸದು ಮಾಡಿಸಬೇಕಿತ್ತು. ಪಗಾರ ನಿಂತು, ಹೊಲವೂ ಸುಭಾಸ ಹೇಳಿದಂತೆ ಬರೀ ಕಲ್ಲಾಗಿದ್ದರೆ? ಸುಭಾಸ ಹಕ್ಕು ಬಿಡುಗಡೆ ಪತ್ರವನ್ನು ಟೈಪ್ ಮಾಡಿಸಿ ತಂದು, “ಇಲ್ಲಿ ಒಂದ ಹೆಬ್ಬಟ್ಟ ಒತ್ತಿಬಿಡು, ಸೋಮವಾರ ರಿಜಿಸ್ಟರಿಗೆ ಹೋಗೂಣು” ಎಂದ ದಿನ ಆಕೆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟಳು. “ನನಗ ಸಹಿ ಮಾಡಾಕ ಬರತೈತಿ” ಎಂದಷ್ಟೇ ಹೇಳಿ ಕಾಗದವನ್ನು ಕೌದಿಯ ಕೆಳಗಿಟ್ಟಳು. ಸುಭಾಸ ತನ್ನ ಹೊಲದ ಕಡೆ ಹೋಗುತ್ತಲೇ ಸೈಕಲ್ಲು ಹತ್ತಿ ಊರಿನ ಜಮೀನಿನ ಲೆಕ್ಕ ಇಡುವ ತಲಾಠಿಯ ಕಚೇರಿಗೆ ಹೊರಟಳು.

ತಲಾಠಿ ಶೈಲಜಾ ಹೊಸದಾಗಿ ಬಂದ ಹುಡುಗಿ. ಕಚೇರಿಗೆ ಮೂರು ಮೆಟ್ಟಿಲು ಇದ್ದವು. ಶಟ್ಟೆವ್ವ ಕೆಳಗಿನಿಂದಲೇ ಕೂಗಿದಳು, “ಮೇಡಮ್ಮಾರ, ಕೆಳಗ ಬರ್ರಿ, ಇಲ್ಲಾ ನನ್ನ ಮ್ಯಾಲ ಒಯ್ರಿ.” ಶೈಲಜಾ ಕೆಳಗೆ ಬಂದಳು.

“ನಂದೊಂದ ಪ್ರಶ್ನಿ ಐತಿ. ಹೊಲ ಬಂದ್ರ ನಾ ಕುಂಟಿ ಅಲ್ಲೇನ್ರಿ?”

“ಕುಂಟಿ ಅನ್ನಬ್ಯಾಡ್ರಿ ಅಮ್ಮಾರ.”

“ನನ್ನ ಕಾಲ, ನಾ ಅಂತೇನಿ. ನೀವ ಅನ್ನಬ್ಯಾಡ್ರಿ. ಪಗಾರದ್ದ ಹೇಳ್ರಿ.”

ಶೈಲಜಾ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. “ಪೆನ್ಶನ್ನಿಗೆ ಎರಡ ನೋಡತಾರ್ರಿ. ಒಂದ ಕಾಲು, ಒಂದ ಆದಾಯ. ಕಾಲು ಡಾಕ್ಟರ್ ನೋಡ್ಯಾರ, ಮುಗೀತು. ಹೊಲದ ಉತಾರದಾಗ ಹೆಸರ ಬಂತಂತ ಮರುದಿನಾನ ಬಂದ್ ಆಗೂದಿಲ್ಲ. ಹೊಲದಿಂದ ವರ್ಷಕ್ಕ ಏನ ಬರತೈತಿ, ನಿಮ್ಮ ಕೌದಿಯಿಂದ ಏನ ಬರತೈತಿ, ಕೂಡಿಸಿದಾಗ ಮಿತಿ ದಾಟಿದ್ರ ನಿಲ್ಲತೈತಿ. ದಾಟಲಿಲ್ಲಂದ್ರ ಇರತೈತಿ.”

“ದಾಟಿದ್ದನ್ನ ಹೇಳದ ಸುಮ್ಮನ ಕುಂತ್ರ?”

“ಗೊತ್ತಾದಾಗ, ತಗೊಂಡದ್ದೆಲ್ಲಾ ವಾಪಸ್ ಕಟ್ಟ್ರಿ ಅಂತಾರ.”

“ತಮ್ಮಗ ಬಿಟ್ಟಕೊಟ್ರ?”

“ಪೆನ್ಶನ್ ಉಳೀಬಹುದು, ಹೊಲ ಹೋಗತೈತಿ. ಯಾವದ ದೊಡ್ಡದು ಅನ್ನೂದು ನೀವ ನೋಡಬೇಕ್ರಿ.” ಶೈಲಜಾ ತಡೆದು ಕೇಳಿದಳು, “ಹೊಲ ನೋಡೀರೇನು?”

ಶಟ್ಟೆವ್ವ ನೋಡಿರಲಿಲ್ಲ. ಎರಡು ತಿಂಗಳಿನಿಂದ ಹೊಲದ ಹೆಸರಿನಲ್ಲಿ ರೊಟ್ಟಿ ತಿಂದಿದ್ದಳೇ ಹೊರತು ಹೊಲ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದಳು.

ಎರಡು ದಿನದ ಮೇಲೆ ಬಸ್ಸು ಹಿಡಿದು ಹೂಲಿಗೆ ಹೋದಳು. ಮಡಿವಾಳೆಪ್ಪ ಚಕ್ಕಡಿ ಕಟ್ಟಿಕೊಂಡು ಬಂದು, ಗುಡಿಗಳ ಹಿಂದಿನ ದಾರಿಯಿಂದ ಹೊಲಕ್ಕೆ ಕರೆದೊಯ್ದು ಬದುವಿನ ಮೇಲೆ ಕೂರಿಸಿದ. ಕರಿ ಎರೆಯ ನೆಲ. ಕಡಲೆ ಮೊಣಕಾಲೆತ್ತರ ನಿಂತು ಕಾಯಿ ಹಿಡಿದಿತ್ತು. ಶಟ್ಟೆವ್ವ ಒಂದು ಗಿಡ ಕಿತ್ತು ಹಸಿಕಾಯಿ ಸುಲಿದು ತಿಂದಳು. ಇನ್ನೊಂದು ತಿಂದಳು. ಎಲೆಯ ಹುಳಿ ಬೆರಳಿಗೆ ಹತ್ತಿ ಸೂಜಿಯ ಗಾಯಗಳು ಉರಿದವು. ಮಣ್ಣನ್ನು ಹಿಡಿಯಷ್ಟು ತೆಗೆದು ಮುಷ್ಟಿ ಕಟ್ಟಿ ನೋಡಿದಳು. ಸರ್ಕಾರ ಕೊಟ್ಟದ್ದು ಬತ್ತಿದ ಕಾಲಿಗೆ, ಅತ್ತೆ ಕೊಟ್ಟದ್ದು ಬೈದ ಬಾಯಿಗೆ. ಎರಡನ್ನೂ ಯಾರೂ ತನ್ನ ಒಳ್ಳೆಯತನ ನೋಡಿ ಕೊಟ್ಟಿರಲಿಲ್ಲ. ಇದನ್ನು ನೆನೆದು ಆಕೆಗೆ ನಗು ಬಂತು. ನಗುತ್ತಿದ್ದಂತೆ ಕಣ್ಣಲ್ಲಿ ನೀರೂ ಬಂತು.

“ಅತ್ತಿ ನನ್ನ ನೆನಸತಿದ್ಲೇನೋ ಮಾಮಾ?” ಎಂದು ಮಡಿವಾಳೆಪ್ಪನನ್ನು ಕೇಳಿದಳು.

“ದಿನಾ ಬೈತಿದ್ಲು” ಎಂದ ಮಡಿವಾಳೆಪ್ಪ. ಆಮೇಲೆ ತನಗೆ ವಯಸ್ಸಾಯಿತೆಂದೂ, ಮುಂದಿನ ವರ್ಷ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕೆಂದೂ ಹೇಳಿದ.

ಮನೆಗೆ ಬಂದು ಶಟ್ಟೆವ್ವ ಸುಭಾಸನನ್ನು ಕರೆದಳು. “ಬರೇ ಕಲ್ಲ ಅಂದಿದ್ಯಲ್ಲಾ, ನೋಡಿ ಬಂದೆ. ಖರೇ ಐತಿ. ಒಂದ ಕಲ್ಲ ಐತಿ, ಬದುವಿನ ಬಾಂದಗಲ್ಲ. ಉಳಿದದ್ದೆಲ್ಲಾ ಕಡ್ಲಿ.” ಟೈಪ್ ಮಾಡಿದ ಕಾಗದವನ್ನು ಅವನ ಕೈಗೆ ಕೊಟ್ಟಳು. “ಮುಂದಿನ ವರ್ಷದಿಂದ ನೀನ ಪಾಲಿಗೆ ಮಾಡು. ಅರ್ಧ ನಿಂದು, ಅರ್ಧ ನಂದು. ಭಾರ ಹೊರತೇನಿ ಅಂದಿದ್ಯಲ್ಲಾ, ಹೊರು.”

ಸುಭಾಸ ಮುಖ ಚಿಕ್ಕದು ಮಾಡಿಕೊಂಡ. ಮಹಾನಂದಾ ಅಂದು ರೊಟ್ಟಿ ತರಲಿಲ್ಲ. ನಾಲ್ಕನೆಯ ದಿನ ತಂದಳು, ಎರಡೇ ರೊಟ್ಟಿ, ಎಣ್ಣೆಗಾಯಿ ಇಲ್ಲದೆ. ಅರ್ಧ ಪಾಲು ಎಂದರೂ ಒಂದು ಎಕರೆಯ ಕಡಲೆ ಎಂದು ಗಂಡ ಹೆಂಡತಿ ಕೂಡಿ ವಿಚಾರ ಮಾಡಿದ್ದರು.

ಹೊಸ ಆದಾಯ ಪ್ರಮಾಣಪತ್ರಕ್ಕೆ ಶಟ್ಟೆವ್ವ ಇದ್ದದ್ದನ್ನು ಇದ್ದಂತೆ ಬರೆಸಿದಳು. ಮಡಿವಾಳೆಪ್ಪ ಕೊಟ್ಟ ಆ ವರ್ಷದ ಪಾಲು, ಕೌದಿಯ ದುಡಿಮೆ ಎರಡೂ ಕೂಡಿ ಮಿತಿ ದಾಟಿತು, ಪಗಾರ ನಿಂತಿತು. ಗೊತ್ತಿದ್ದೂ ಆಕೆಗೆ ಕಸಿವಿಸಿಯಾಯಿತು. ಪಗಾರದ ದಿನ ಬಂದಾಗಲೆಲ್ಲ, ಅದನ್ನು ತಂದುಕೊಡುತ್ತಿದ್ದ ಅಂಚೆಯ ರಾಮಲಿಂಗಪ್ಪ ಬಾಗಿಲ ಮುಂದೆ ನಿಲ್ಲದೆ ಹೋಗುವುದನ್ನು ನೋಡಿ, “ಸಾವ್ಕಾರ್ತಿ ಆದ ಮ್ಯಾಲ ಮಾತಾಡಸೂದೂ ಬಿಟ್ಟೇನೋ?” ಎಂದು ಅವನನ್ನು ಬೈಯುತ್ತಿದ್ದಳು. ಅವನು ಸೈಕಲ್ಲು ನಿಲ್ಲಿಸಿ ಚಹಾ ಕುಡಿದು ಹೋಗುತ್ತಿದ್ದ.

ಮರುವರ್ಷ ಸುಭಾಸ ಬಿತ್ತಿದ. ಬೆಳೆ ಚೆನ್ನಾಗಿತ್ತು, ಆದರೆ ಹೂ ಬಿಡುವ ಹೊತ್ತಿಗೆ ನಾಲ್ಕು ದಿನ ಅಕಾಲದ ಮಳೆ ಹಿಡಿದು ಹೂವೆಲ್ಲ ಉದುರಿತು. ಅಕ್ಕನ ಪಾಲಿಗೆ ಬಂದದ್ದು ಮೂರು ಚೀಲ. ಲೆಕ್ಕ ಕೇಳಿದ ಶೈಲಜಾ, “ಈ ವರ್ಷ ಮಿತಿ ಒಳಗ ಅದೀರಿ ಅಮ್ಮಾರ, ಮತ್ತ ಅರ್ಜಿ ಹಾಕ್ರಿ” ಎಂದು ತಾನೇ ಕಾಗದ ಮಾಡಿಸಿಕೊಟ್ಟಳು. ನಾಲ್ಕು ತಿಂಗಳ ಓಡಾಟದ ಮೇಲೆ ಪಗಾರ ಮತ್ತೆ ಶುರುವಾಯಿತು.

ಇದನ್ನು ಕೇಳಿ ಸುಭಾಸ ಕಟ್ಟೆಯ ಮೇಲೆ ಕುಸಿದು ಕುಳಿತ. “ಬೆಳಿ ಬಂದ್ರ ನಿನಗ ಕಡ್ಲಿ, ಬರಲಿಲ್ಲಂದ್ರ ಪಗಾರ. ಇದೆಂಥಾ ನಸೀಬ ಅಕ್ಕಾ ನಿಂದು.”

ಶಟ್ಟೆವ್ವ ಹೊಲಿಗೆಯಿಂದ ತಲೆಯೆತ್ತಲಿಲ್ಲ. “ಕಾಲೂ ನಿನ್ನ ಹೆಸರಿಗೆ ಹಚ್ಚಸ್ಲೇನು?”

ಸುಭಾಸ ಆಕೆಯ ಕೈಯಿಂದ ಜಾರಿದ ದಾರದ ಉಂಡೆಯನ್ನು ಎತ್ತಿಕೊಟ್ಟು, ಈ ಸಲ ಕಡಲೆಯ ಬದಲು ಜೋಳ ಹಾಕೋಣವೇ ಎಂದು ಕೇಳಿದ.